ಅಲ್ ಹಿಲಾಲ್‌ನಲ್ಲಿ ಟುಲಿಪ್ ಅರಳಿದ ಚಳಿಗಾಲ

ಕಳೆದ ವರ್ಷದ ನವೆಂಬರಿನಲ್ಲಿ ತಂಗಿಯ ಮನೆಗೆಂದು ಮತ್ತೆ ಕತಾರಿಗೆ ಹೋಗಿದ್ದೆ. ಅವಳಿರುವುದು ಉಮ್ಮ್ ಸಲಾಲ್‌ನಲ್ಲಿ. ಬಾಲ್ಕನಿಗೆ ನಾಲ್ಕು ಪೆಟೂನಿಯಾ ಗಿಡ ಬೇಕೆಂದು ಒಂದು ಸಂಜೆ ಹತ್ತಿರದ ನರ್ಸರಿಗೆ ಕರೆದುಕೊಂಡು ಹೋದಳು. ಅಲ್ಲಿ ಕೆಲಸದವನೊಬ್ಬ ಹೊರದೇಶದಿಂದ ಬಂದ ಕಪ್ಪು ಮಣ್ಣಿನ ಚೀಲ ಸೀಳಿ, ನೆಲಕ್ಕೆ ಸುರಿದು, ನೀರು ಚಿಮುಕಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಊರಿನ ಮೊದಲ ಮಳೆಯ ಮಣ್ಣಿನ ವಾಸನೆ ಅದಲ್ಲ. ಸ್ವಲ್ಪ ಹುಳಿ, ಸ್ವಲ್ಪ ಕೊಳೆತ ಎಲೆ, ಸ್ವಲ್ಪ ಒದ್ದೆ ಗೋಣಿ ಬೆರೆತ ವಾಸನೆ.

"ಎಂತ ಆಯ್ತು ಅಕ್ಕ? ತಲೆ ತಿರುಗ್ತದಾ?" ಎಂದು ತಂಗಿ ಕೇಳಿದಳು.

"ಇಲ್ಲ ಮಾರಾಯ್ತಿ" ಎಂದೆ. ಲಾರೆನ್ಸ್ ಅಂಕಲ್ ಮೊಣಕಾಲೂರಿ ಕುಳಿತು ಕುಂಡಗಳಿಗೆ ಇದೇ ಮಣ್ಣು ತುಂಬುತ್ತಿದ್ದ ಮಧ್ಯಾಹ್ನ ಕಣ್ಣಿಗೆ ಕಟ್ಟಿತ್ತು. ಅದನ್ನು ಅವಳಿಗೆ ಅಲ್ಲಿ ನಿಂತು ಹೇಳುವುದು ಹೇಗೆ?

ಅದು ಎರಡು ಸಾವಿರದ ಐದನೇ ಇಸವಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ನಾನು ದೋಹಾಕ್ಕೆ ಬಂದಿದ್ದೆ. ಹರೀಶರಿಗೆ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಅಲ್ಲಿನ ಅಲ್ ಹಿಲಾಲ್ ಬಡಾವಣೆಯ ಒಂದು ಹಳೆಯ ವಿಲ್ಲಾವನ್ನು ಮೂರು ಮನೆಗಳಾಗಿ ಒಡೆದು ಬಾಡಿಗೆಗೆ ಕೊಟ್ಟಿದ್ದರು. ಹಿಂದಿನ ಎರಡು ಕೋಣೆ ನಮ್ಮದು, ಮುಂದಿನ ಭಾಗ ಲಾರೆನ್ಸ್ ಅಂಕಲ್ ಮತ್ತು ಸ್ಟೆಲ್ಲಾ ಆಂಟಿಯದು. ಶಿರ್ವ ಕಡೆಯ ಕ್ರಿಶ್ಚಿಯನ್ನರು, ಮಕ್ಕಳಿಲ್ಲ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು ಬೆರೆತ ಕನ್ನಡ. ಅಂಕಲ್ ಒಂದು ಆಯಿಲ್ ಕಂಪನಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲರ್ಕ್ ಆಗಿ ಸೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಮುಂದಿನ ಏಪ್ರಿಲಿಗೆ ಅವರಿಗೆ ನಿವೃತ್ತಿ. ಕೆಲಸ ಮುಗಿದರೆ ವೀಸಾ ಮುಗಿದ ಹಾಗೆ, ಊರಿಗೆ ಹೊರಡಲೇಬೇಕು.

ಆ ಕಾಂಪೌಂಡಿಗೆ ಕಾಲಿಟ್ಟ ದಿನ ನನಗೆ ಮೊದಲು ಕಂಡದ್ದು ಅಂಕಲ್ ಬೆಳೆಸಿದ ಹೂದೋಟ. ಸುತ್ತ ಬಿಳಿ ಮರಳು, ನಡುವೆ ದಾಸವಾಳ, ಕಣಗಿಲೆ, ಮಲ್ಲಿಗೆ, ಗೋಡೆ ತುಂಬ ಕಾಗದದ ಹೂ, ಒಂದು ಮೂಲೆಯಲ್ಲಿ ಊರಿನಿಂದ ತಂದ ಅಬ್ಬಲಿಗೆ. ಇವೆಲ್ಲ ವರ್ಷದಿಂದ ವರ್ಷಕ್ಕೆ ಉಳಿಯುವ ಗಿಡಗಳು, ಆದರೆ ಅಲ್ಲಿ ಅವನ್ನು ಒಂದು ಬೇಸಿಗೆ ದಾಟಿಸುವುದೇ ದೊಡ್ಡ ಕೆಲಸ. ಜೂನ್ ಬಂತೆಂದರೆ ನಲ್ಲಿ ತಿರುಗಿಸಿದರೆ ಬಿಸಿನೀರು. ಎಲ್ಲ ಮನೆಗಳ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಅಂಕಲ್ ಬಕೆಟ್ಟುಗಳಲ್ಲಿ ಹಿಡಿದು, ಬೆಳಗಿನ ಜಾವ ಬಿಸಿಲೇರುವ ಮೊದಲು ಬುಡಕ್ಕೆ ಹಾಕುತ್ತಿದ್ದರು. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದರೆ ಮೆಲ್ಲನೆ ಕೆರೆದು ತೆಗೆಯುವರು. ಮಧ್ಯಾಹ್ನಕ್ಕೆ ಹಸಿರು ಬಲೆ, ಶಮಾಲ್ ಎಂಬ ಧೂಳುಗಾಳಿ ಬೀಸಿದ ಮಾರನೇ ದಿನ ಒಂದೊಂದು ಎಲೆಗೂ ಸ್ನಾನ. ಹೀಗೆ ಒಣಗಿದ ಕಡ್ಡಿಯಂತಾದ ಗಿಡಗಳು ಅಕ್ಟೋಬರಿನ ತಂಪಿಗೆ ಮತ್ತೆ ಚಿಗುರುತ್ತಿದ್ದವು.

ಸ್ಟೆಲ್ಲಾ ಆಂಟಿಗೆ ಮರೆವಿನ ಕಾಯಿಲೆ. ಅರುವತ್ತು ತುಂಬಿರಲಿಲ್ಲ ಅವರಿಗೆ. ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಮೊದಲು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕುವುದರಲ್ಲಿ ಶುರುವಾದದ್ದು, ಆ ಬೇಸಿಗೆಯಲ್ಲಿ ಅವರು ಗೇಟು ತೆಗೆದು ಬಿಸಿಲಲ್ಲಿ ಬರಿಗಾಲಲ್ಲಿ ಮುಖ್ಯರಸ್ತೆಯವರೆಗೆ ಹೋಗುವ ತನಕ ಬಂತು. ಯಾರೋ ಮಲಯಾಳಿ ಟ್ಯಾಕ್ಸಿಯವನು ಕರೆತಂದು ಬಿಟ್ಟ. ಅಂದು ಸಂಜೆ ಅಂಕಲ್ ನಮ್ಮ ಬಾಗಿಲಿಗೆ ಬಂದರು.

"ಸುಜಾತಾ, ಒಂದು ಉಪಕಾರ ಮಾಡ್ಬೇಕು. ನಾನು ಆಫೀಸಿಂದ ಬರುವಲ್ಲಿವರೆಗೆ ಸ್ವಲ್ಪ ಅವಳ ಹತ್ರ ಕೂತ್ಕೊಳ್ತೀಯಾ ಮಗಾ? ಎಂತ ಮಾಡ್ಲಿಕ್ಕೂ ಇಲ್ಲ. ಹತ್ರ ಒಂದು ಜನ ಇದ್ರೆ ಸಾಕು."

ನನಗೆ ಕೆಲಸ ಸಿಕ್ಕಿರಲಿಲ್ಲ. ಹಗಲಿಡೀ ಒಬ್ಬಳೇ ಗೋಡೆ ನೋಡುತ್ತಿದ್ದವಳು, ಒಪ್ಪಿಕೊಂಡೆ. ಆದರೆ ಒಳಗೊಳಗೇ ಹೆದರಿಕೆಯಿತ್ತು. ಆಂಟಿ ನನ್ನನ್ನು ಒಮ್ಮೆ ತಮ್ಮ ತಂಗಿಯ ಹೆಸರಿನಿಂದ, ಒಮ್ಮೆ ಇನ್ಯಾರದೋ ಹೆಸರಿನಿಂದ ಕರೆಯುತ್ತಿದ್ದರು. ನಡುನಡುವೆ ನನಗೆ ತಿಳಿಯದ ಭಾಷೆಯಲ್ಲಿ ಮಾತು. ಅದು ಜರ್ಮನ್ ಎಂದು ಅಂಕಲ್ ಹೇಳಿದ ಮೇಲೆಯೇ ಗೊತ್ತಾದದ್ದು. ಹದಿನೆಂಟು ತುಂಬಿದೊಡನೆ ಆಂಟಿ ಊರಿನ ಇನ್ನಷ್ಟು ಹುಡುಗಿಯರೊಂದಿಗೆ ಜರ್ಮನಿಗೆ ಹೋಗಿದ್ದರಂತೆ. ಸಿಸ್ಟರುಗಳು ನಡೆಸುವ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ, ಮದುವೆಗೆಂದು ಊರಿಗೆ ಬಂದವರು ಮತ್ತೆ ಹೋಗಲಿಲ್ಲ.

ಅಕ್ಟೋಬರ್ ಬಂದಾಗ ಆಂಟಿ ಒಂದು ಹೊಸ ಹಟ ಹಿಡಿದರು. ಬೆಳಗ್ಗೆ ಎದ್ದವರೇ ಕಿಟಕಿಯ ಪರದೆ ಸರಿಸಿ, ಅಂಗಳ ನೋಡಿ, "ಟುಲ್ಪನ್ ಬರ್ಲಿಲ್ವಾ ಇನ್ನೂ?" ಎಂದು ಕೇಳುವುದು. ನಮಗೆ ಅದು ಯಾರ ಹೆಸರೆಂದೇ ಗೊತ್ತಿಲ್ಲ. "ನಾಳೆ ಬರ್ತಾರೆ ಆಂಟಿ" ಎಂದರೆ ಸುಮ್ಮನಾಗುವರು, ಮಧ್ಯಾಹ್ನಕ್ಕೆ ಮತ್ತೆ ಅದೇ ಪ್ರಶ್ನೆ. ಬಾರದಿದ್ದುದಕ್ಕೆ ಕೆಲವು ದಿನ ಅಳು. ಅಂಕಲ್ ಕೊನೆಗೆ ತಮ್ಮ ಆಫೀಸಿನ ಡಚ್ ಇಂಜಿನಿಯರೊಬ್ಬರನ್ನು ಕೇಳಿದರು. ಅವರು ನಕ್ಕು, ಅದು ಮನುಷ್ಯರ ಹೆಸರಲ್ಲ, ಟುಲಿಪ್ ಹೂವಿಗೆ ಜರ್ಮನಿಯಲ್ಲಿ ಹಾಗೆ ಹೇಳುತ್ತಾರೆ ಎಂದರಂತೆ.

ಆ ಸಂಜೆ ಅಂಕಲ್ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತರು. ಟೈ ಸಡಿಲಿಸಿರಲಿಲ್ಲ.

"ಇಷ್ಟು ವರ್ಷ ಒಟ್ಟಿಗೆ ಇದ್ದೇವೆ. ಜರ್ಮನಿಯಲ್ಲಿ ನೀನು ಎಂತ ಮಾಡ್ತಾ ಇದ್ದಿ, ಹೇಗೆ ಇದ್ದಿ ಅಂತ ಅವಳ ಹತ್ರ ಒಂದು ದಿನ ಕೂತು ಕೇಳಿದವನಲ್ಲ ನಾನು. ಆಗೆಲ್ಲ ಫಾರಿನ್‌ಗೆ ಹೋದ ಹುಡುಗಿಯರ ಬಗ್ಗೆ ಊರಲ್ಲಿ ಜನ ಒಂದೊಂದು ಮಾತಾಡ್ತಿದ್ರು. ಕೇಳದೆ ಇರುದೇ ಮರ್ಯಾದೆ ಅಂತ ನಾನು ಅಂದ್ಕೊಂಡದ್ದು. ಅವಳೂ ಹೇಳ್ಲಿಲ್ಲ. ಇಲ್ಲಿಗೆ ಬಂದ ಮೇಲೆ ಕೆಲ್ಸಕ್ಕೆ ಹೋಗ್ತೇನೆ ಅಂದ್ಳು, ಸರ್ಟಿಫಿಕೇಟ್ ಜರ್ಮನಲ್ಲುಂಟು, ಇಲ್ಲಿ ನಡೀಲಿಕ್ಕಿಲ್ಲ ಅಂತ ಹೇಳಿ ಬಿಟ್ಟೆ."

ಟೈ ಸಡಿಲಿಸುತ್ತಾ ಅವರೇ ಮುಂದುವರಿಸಿದರು. "ಊರಿಗೆ ಹೋದ ಮೇಲೆ ಆ ಹೂ ಬೆಳೆಸ್ಲಿಕ್ಕೆ ಆಗುದಿಲ್ಲ, ಅಲ್ಲಿ ಸೆಕೆ. ಇಲ್ಲಿ ಜನವರಿಯಲ್ಲಿ ಚಳಿ ಉಂಟಲ್ಲ, ಒಂದು ಸಲ ನೋಡುವ. ಬಂದ್ರೆ ಬರ್ಲಿ."

ಇಂಜಿನಿಯರ್ ರಜೆಗೆ ಊರಿಗೆ ಹೋಗಿ ಬರುವಾಗ ಒಂದು ಬಲೆಚೀಲದಲ್ಲಿ ಗಡ್ಡೆಗಳನ್ನು ತಂದುಕೊಟ್ಟರು. ನೋಡಲಿಕ್ಕೆ ಥೇಟ್ ಸಣ್ಣ ನೀರುಳ್ಳಿ, ಮೇಲೆ ಕಂದು ಸಿಪ್ಪೆ. ಅವರ ದೇಶದಲ್ಲಿ ಈ ಗಡ್ಡೆ ಮಣ್ಣಿನೊಳಗೇ ಹಿಮದ ಚಳಿಗೆ ಮಲಗಿದ್ದು ವಸಂತಕ್ಕೆ ಏಳುತ್ತದಂತೆ. ಆ ಚಳಿ ಸಿಗದಿದ್ದರೆ ಬರಿಯ ಎಲೆ, ಹೂವಿಲ್ಲ. ಹಾಗಾಗಿ ಡಿಸೆಂಬರ್ ಕೊನೆಯವರೆಗೆ ಫ್ರಿಜ್ಜಿನಲ್ಲಿಡಬೇಕು, ಹತ್ತಿರ ಹಣ್ಣು ಮಾತ್ರ ಇಡಬಾರದು, ಹಣ್ಣಿನಿಂದ ಹೊರಡುವ ಆವಿಗೆ ಒಳಗಿನ ಮೊಗ್ಗು ಸತ್ತುಹೋಗುತ್ತದೆ. ಅಂಕಲ್ ತಮ್ಮ ಮನೆಯ ಸೇಬು, ಬಾಳೆಹಣ್ಣೆಲ್ಲ ನಮಗೆ ತಂದುಕೊಟ್ಟು, ತರಕಾರಿಯ ಖಾನೆಯಲ್ಲಿ ಗಡ್ಡೆಗಳನ್ನು ಕಾಗದದಲ್ಲಿ ಸುತ್ತಿ ಇಟ್ಟರು.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ. ಆಂಟಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ನಮ್ಮ ಒಲೆಯ ಮೇಲಿಟ್ಟಿದ್ದ ಕುಕ್ಕರ್ ಕೂಗುವುದು ಕೇಳಿ ಅದನ್ನು ಆರಿಸಲೆಂದು ಹೋದೆ. ಹಾಗೇ ಬಟ್ಟೆ ಹರವಿ ಹಿಂದಿರುಗಿ ಬರುವಾಗ ಅವರ ಅಡುಗೆಮನೆಯಿಂದ ಒಗ್ಗರಣೆಯ ಸದ್ದು. ಆಂಟಿ ಒಲೆಯ ಮುಂದೆ ನಿಂತು ಹಾಡು ಗುನುಗುತ್ತಾ ನೀರುಳ್ಳಿಯಂತಹದೇನೋ ಹುರಿಯುತ್ತಿದ್ದರು. ಎಷ್ಟೋ ತಿಂಗಳಿನಿಂದ ಸೌಟು ಹಿಡಿಯದವರು! ನನಗೆ ಒಂದು ಕ್ಷಣ ಖುಷಿಯೇ ಆಯಿತು. ನೀರುಳ್ಳಿಯ ವಾಸನೆ ಬರುತ್ತಿಲ್ಲವಲ್ಲ ಎಂದುಕೊಂಡು ಕೆಳಗೆ ನೋಡಿದರೆ ನೆಲದ ತುಂಬ ಕಂದು ಸಿಪ್ಪೆ. ಪಕ್ಕದ ತಟ್ಟೆಯಲ್ಲಿ ಅನ್ನ, ಹುರಿದ ಗಡ್ಡೆ. ಅರ್ಧ ತಿಂದಾಗಿತ್ತು.

ಇಂಜಿನಿಯರ್ ಹೇಳಿದ್ದ ಇನ್ನೊಂದು ಮಾತು ಆಗ ನೆನಪಾಯಿತು, ಗಡ್ಡೆ ವಿಷ, ಬಾಯಿಗೆ ಹಾಕಬೇಡಿ ಎಂದಿದ್ದರು. ಕೂಡಲೇ ಅಂಕಲ್‌ಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಆಂಟಿಗೆ ವಾಂತಿ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಸಂಜೆಯವರೆಗೆ ಇಟ್ಟುಕೊಂಡು, ತಿಂದದ್ದು ಹೆಚ್ಚಿಲ್ಲ, ಭಯವಿಲ್ಲ ಎಂದು ಕಳುಹಿಸಿದರು.

ಮನೆಗೆ ಬಂದ ಮೇಲೆ ಅಂಕಲ್ ಒಡೆದುಹೋದರು. ಅವರ ದೊಡ್ಡ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. "ಸತ್ತೇ ಹೋಗ್ತಿದ್ದಿಯಲ್ಲ! ಯಾರಿಗೆ ಬೇಕಾಗಿ ತಂದದ್ದು ನಾನು ಅದನ್ನು? ಯಾರಿಗೆ?"

ಆಂಟಿ ಅವರನ್ನು ನೋಡಿ ನನ್ನ ಕಡೆಗೆ ತಿರುಗಿದರು. "ಯಾರಿವರು? ವಾರ್ಡಲ್ಲಿ ಬೊಬ್ಬೆ ಹಾಕ್ಬಾರ್ದು ಅಂತ ಹೇಳಿ."

ಅಂಕಲ್ ಅಲ್ಲೇ ಕುಳಿತುಬಿಟ್ಟರು. ಹೆಂಡತಿ ತನ್ನನ್ನು ಗುರುತಿಸದಿದ್ದುದು ಅದೇ ಮೊದಲು. ನಾನು ತಲೆ ತಗ್ಗಿಸಿಕೊಂಡು ನೆಲದ ಸಿಪ್ಪೆ ಗುಡಿಸಿದೆ. ಉಳಿದ ಗಡ್ಡೆಗಳನ್ನು ಅಂಕಲ್ ಕಸದ ಚೀಲಕ್ಕೆ ಹಾಕಿ ಗಂಟು ಕಟ್ಟಿಟ್ಟಿದ್ದರು. "ಖಲಾಸ್, ಇನ್ನು ಬೇಡ" ಎಂದರು. ಅವನ್ನು ಎಸೆಯುತ್ತೇನೆಂದು ತಂದ ನನಗೆ ಮನಸ್ಸಾಗಲಿಲ್ಲ. ಚೀಲ ಬಿಚ್ಚಿ ತೊಳೆದು ಒರೆಸಿ, ಹಣ್ಣನ್ನೆಲ್ಲ ಹೊರಗೆ ತೆಗೆದು, ನಮ್ಮ ಫ್ರಿಜ್ಜಿನಲ್ಲಿಟ್ಟೆ.

ಹರೀಶ ಸಂಜೆ ಫ್ರಿಜ್ ತೆಗೆದು, "ಎಂತದು, ಹಣ್ಣು ಮಾಫಿ? ಒಂದೂ ಇಲ್ವಾ?" ಎಂದರು. ಕಾರಣ ಹೇಳಿದೆ. ಅವರು ಬಾಗಿಲು ಮುಚ್ಚಿ, "ಆಯ್ತು. ಜನವರಿವರೆಗೆ ನಮಗೂ ಹಣ್ಣಿಲ್ಲ" ಎಂದರು. ಅಷ್ಟೇ.

ಕ್ರಿಸ್ಮಸ್ ಕಳೆದು ಬೆಳಗಿನ ಹೊತ್ತು ಸ್ವೆಟರ್ ಬೇಕೆನ್ನಿಸುವ ಚಳಿ ಬಂದಾಗ ಗಡ್ಡೆಗಳನ್ನು ತೆಗೆದುಕೊಂಡು ಹೋಗಿ ಅಂಕಲ್ ಮುಂದೆ ಇಟ್ಟೆ. ಅವರು ಒಂದನ್ನು ಅಂಗೈಯಲ್ಲಿಟ್ಟು ತುದಿ ಮುಟ್ಟಿ ನೋಡಿದರು. ಆ ಶುಕ್ರವಾರ, ಅಲ್ಲಿ ವಾರದ ರಜೆಯ ದಿನ, ಬಲಿಪೂಜೆ ಮುಗಿಸಿ ಬರುವಾಗ ಕಪ್ಪು ಮಣ್ಣಿನ ಚೀಲ ತಂದರು. ಮಣ್ಣಿಗೆ ತೊಳೆದ ಮರಳು ಬೆರೆಸಿ, ಗಡ್ಡೆಯ ಚೂಪು ಮೇಲಕ್ಕೆ ಬರುವಂತೆ ಆಳದಲ್ಲಿಟ್ಟು ಮುಚ್ಚಿದೆವು. ಕುಂಡಗಳನ್ನು ಬಿಸಿಲು ತಾಗದ ಉತ್ತರದ ಗೋಡೆಗೆ ಒರಗಿಸಿದೆವು. ಆಂಟಿ ಜಗಲಿಯಲ್ಲಿ ಶಾಲು ಹೊದ್ದು ಕುಳಿತು ನೋಡುತ್ತಿದ್ದರು, ಅದು ಏನೆಂದು ಕೇಳಲಿಲ್ಲ. ಟುಲ್ಪನ್ ಎಂಬ ಮಾತನ್ನೂ ಅಷ್ಟರಲ್ಲಿ ಬಿಟ್ಟುಬಿಟ್ಟಿದ್ದರು.

ಜನವರಿ ಇಡೀ ನಮ್ಮದು ಒಂದೇ ಚಿಂತೆ. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಹಗಲು ಸೆಕೆ ಏರಿದ ದಿನ ನಾನು ಫ್ರೀಜರಿನ ಐಸ್ ತಂದು ಮಣ್ಣಿನ ಮೇಲೆ ಹರಡುತ್ತಿದ್ದೆ, ಕುಂಡಕ್ಕೆ ಒದ್ದೆ ಗೋಣಿ ಸುತ್ತುತ್ತಿದ್ದೆ. ಹಸಿರು ಕೊಕ್ಕಿನಂತಹ ಮೊಳಕೆಗಳು ಎದ್ದವು. ಒಂದೆರಡು ಅಲ್ಲೇ ಮೆತ್ತಗಾಗಿ ಕೊಳೆತವು. ಕೆಲವು ಅಗಲ ಎಲೆ ಬಿಟ್ಟು, ನಡುವೆ ಏನೂ ಇಲ್ಲದೆ ಖಾಲಿ ನಿಂತವು. ತಿಂಗಳ ಕೊನೆಗೆ ಎರಡು ದಿನ ಧೂಳುಗಾಳಿ ಬೀಸಿ ಎಲ್ಲ ಬೂದಿ ಬಣ್ಣವಾಯಿತು. ಒದ್ದೆ ಬಟ್ಟೆಯಿಂದ ಎಲೆ ಒರೆಸುವಾಗ ಒಂದು ಗಿಡದ ಎಲೆಗಳ ನಡುವೆ ಮೊಗ್ಗು ಕಂಡಿತು. ನಾನು ಕೂಗಿದ್ದು ಕೇಳಿ ಅಂಕಲ್ ಅರ್ಧ ಗಡ್ಡ ಬೋಳಿಸಿದಲ್ಲಿಗೇ ಬಿಟ್ಟು ಓಡಿ ಬಂದರು.

ಫೆಬ್ರವರಿಯಲ್ಲಿ ಐದಾರು ಹೂ ಅರಳಿದವು. ಕೆಂಪು, ಒಂದು ಮಾತ್ರ ಹಳದಿ. ನಮ್ಮ ದಾಸವಾಳದ ಹಾಗೆ ಬಾಯಿ ಬಿಟ್ಟು ನಗುವ ಹೂವಲ್ಲ. ಏನನ್ನೋ ಒಳಗಿಟ್ಟುಕೊಂಡು ಕೈ ಮುಚ್ಚಿ ಹಿಡಿದಂತಿತ್ತು. ಅಂಕಲ್ ಕುಂಡಗಳನ್ನು ಮಲಗುವ ಕೋಣೆಗೆ ತಂದು ಕಿಟಕಿಯ ಹತ್ತಿರ ಸಾಲಾಗಿಟ್ಟು, ಆಂಟಿಯ ಭುಜ ಹಿಡಿದು ಕರೆತಂದರು. "ನೋಡು ಸ್ಟೆಲ್ಲಾ. ಟುಲ್ಪನ್."

ಆಂಟಿ ನೋಡಿದರು. ಮುಖದಲ್ಲಿ ಏನೂ ಇಲ್ಲ. ಮೆಲ್ಲನೆ ಹಿಂದೆ ತಿರುಗಿ ಹಾಲಿಗೆ ಹೋಗಿ ಕುಳಿತರು. ಅಂಕಲ್ ಆ ಹೂವಿನ ಮುಂದೆ ನಿಂತೇ ಇದ್ದರು. ನಾನು ಅವರ ಮುಖ ನೋಡಲಾರದೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಸೂರ್ಯ ಮುಳುಗಿ ಮಸೀದಿಯ ಬಾಂಗು ಕೇಳಿಸಿದ ಮೇಲೆ ಆಂಟಿ ಎದ್ದರು. ಬೇಸಿನ್ನಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಕೋಣೆಗೆ ಹೋಗಿ ಒಂದು ಕುಂಡ ಎತ್ತಿದರು. ಕೆಳಗೆ ಹಾಕಿಯಾರೆಂದು ಅಂಕಲ್ ಓಡಿದರು, ನಾನು ಅವರ ಕೈ ಹಿಡಿದು ತಡೆದೆ. ಆಂಟಿ ಕುಂಡವನ್ನು ಜಗಲಿಗೆ ಒಯ್ದು ಗೋಡೆಯ ಬದಿಯಲ್ಲಿಟ್ಟರು. ಮತ್ತೊಂದು, ಮತ್ತೊಂದು. ಎಲ್ಲ ಆದ ಮೇಲೆ ಬಾಗಿಲು ಎಳೆದುಕೊಂಡು ಬಂದು ನನಗೆ ಹೇಳಿದರು.

"ರಾತ್ರಿ ಪೇಷೆಂಟ್ ಹತ್ರ ಹೂ ಇಡ್ಬಾರ್ದು. ಹೊಸಬಳಾ ನೀನು? ಬೆಳಿಗ್ಗೆ ಒಳಗೆ ತಕೊಂಡು ಬಾ."

ಅವರು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ರಾತ್ರಿ ಹೂಗಳನ್ನು ವಾರ್ಡಿನ ಹೊರಗಿಡುವ ಪದ್ಧತಿ ಇದ್ದಿರಬೇಕು. ಆ ಹೂಗಳು ಇದ್ದಷ್ಟು ದಿನವೂ ಅದೇ ಕ್ರಮ. ಬೆಳಗ್ಗೆ ಕುಂಡ ಒಳಗೆ, ಸಂಜೆ ಹೊರಗೆ. ಅಳು ನಿಂತಿತು. ಗೇಟಿನ ಕಡೆ ಹೋಗುವುದು ನಿಂತಿತು. ಹಾಸಿಗೆಯ ಮೂಲೆಗಳನ್ನು ಮಡಚಿ ಸಿಕ್ಕಿಸುವುದು, ಲೋಟಕ್ಕೆ ನೀರು ತುಂಬಿಸಿಡುವುದು, ನನಗೆ ಉಗುರು ಕತ್ತರಿಸಿಕೋ ಎಂದು ಗದರುವುದು ಶುರುವಾಯಿತು. ಅಂಕಲ್ ಆಫೀಸಿನಿಂದ ಬಂದು ಸೋಫಾದ ಮೇಲೆ ಒರಗಿದರೆ ಅವರೇ ಪೇಷೆಂಟ್. "ಕಿಟಕಿ ಬದಿಯ ಬೆಡ್ಡಿನವರು" ಎಂದು ಆಂಟಿ ಅವರಿಗೆ ಹೆಸರಿಟ್ಟಿದ್ದರು. ಅಂಕಲ್ ಆ ಹೆಸರಿಗೆ ಓಗೊಡುತ್ತಿದ್ದರು. ಆಂಟಿ ಅವರ ಮಣಿಕಟ್ಟು ಹಿಡಿದು, ತಮ್ಮ ಎದೆಯ ಎಡಗಡೆ ಇಲ್ಲದ ಗಡಿಯಾರವನ್ನು ಬಗ್ಗಿ ನೋಡಿ ನಾಡಿ ಎಣಿಸುತ್ತಿದ್ದರು. ಹಿಂದೆ ಜರ್ಮನಿಯಲ್ಲಿ ನರ್ಸುಗಳು ಗಡಿಯಾರವನ್ನು ಅಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರಂತೆ.

ಒಂದು ಸಂಜೆ ಆಂಟಿ ಹಿಡಿದ ಕೈ ಬಿಡಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಮತ್ತೆ ಎಣಿಸಿದರು.

"ಡಾಕ್ಟರನ್ನು ಕರೀಬೇಕು. ಇವರ ಪಲ್ಸ್ ಸರಿ ಇಲ್ಲ. ನಡೀತದೆ, ನಿಲ್ತದೆ, ಓಡ್ತದೆ."

ಅಂಕಲ್ ನಕ್ಕರು. "ಆಯ್ತು ಸಿಸ್ಟರ್, ನಾಳೆ ಕರೆಯುವ."

ಮಾರನೇ ದಿನವೂ ಅದೇ ಮಾತು. ಅದರ ಮಾರನೇ ದಿನ ಆಂಟಿಗೆ ಸಿಟ್ಟೇ ಬಂತು. "ನಾನು ಹೇಳಿದ್ದು ಯಾರೂ ಕೇಳುದಿಲ್ಲ. ಈ ಮನುಷ್ಯ ಸಾಯ್ತಾರೆ" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದರು. ಆ ಕಣ್ಣುಗಳಲ್ಲಿ ಮರೆವಿರಲಿಲ್ಲ. ನಾನು ಹರೀಶ ಬಂದೊಡನೆ ವಿಷಯ ಹೇಳಿದೆ. "ಬೇಡ ಮಾರಾಯ, ಅವಳದ್ದೊಂದು" ಎನ್ನುತ್ತಿದ್ದ ಅಂಕಲ್‌ಗೆ ಹರೀಶ ಕಾರಿನ ಕೀ ತೋರಿಸಿ, "ಯಲ್ಲಾ ಅಂಕಲ್, ಹೊರಡಿ, ಒಂದು ಇಸಿಜಿ ತೆಗೆಸಿ ಬರುವ. ಸರಿ ಉಂಟು ಅಂತಾದ್ರೆ ಆಂಟಿಗೂ ಸಮಾಧಾನ" ಎಂದು ಎಬ್ಬಿಸಿಕೊಂಡು ಹೋದರು.

ಅವರು ಆ ದಿನ ಹಿಂದಿರುಗಲಿಲ್ಲ. ಅಲ್ಲೇ ಅಡ್ಮಿಟ್ ಮಾಡಿಕೊಂಡರು. ಹೃದಯದ ಬಡಿತ ತಾಳ ತಪ್ಪಿದೆ, ರಕ್ತ ಹೆಪ್ಪುಗಟ್ಟಿ ಯಾವ ಗಳಿಗೆಯಲ್ಲಾದರೂ ಮೆದುಳಿಗೆ ಹೋಗಬಹುದಿತ್ತು ಎಂದು ಡಾಕ್ಟರ್ ಹೇಳಿದರಂತೆ. ಇದನ್ನು ಮೊದಲು ಗಮನಿಸಿದವರು ಯಾರು ಎಂದು ಅವರು ಕೇಳಿದಾಗ ಅಂಕಲ್, "ನನ್ನ ಹೆಂಡತಿ. ನರ್ಸ್" ಎಂದರಂತೆ. ಅಷ್ಟು ಹೇಳಿ ದಿಂಬಿಗೆ ಮುಖ ತಿರುಗಿಸಿ ಅತ್ತರೆಂದು ಹರೀಶ ನನಗೆ ಹೇಳಿದರು.

ಅಂಕಲ್ ಗುಣವಾಗಿ ಮನೆಗೆ ಬರುವ ಹೊತ್ತಿಗೆ ಹೂಗಳು ಉದುರಿದ್ದವು. ಒಂದೊಂದೇ ದಳ, ದೊಡ್ಡ ದೊಡ್ಡದು, ಜಗಲಿಯ ಮೇಲೆ ಬಿದ್ದಿದ್ದವು. ಆಂಟಿ ಅವನ್ನು ದಾಟಿಕೊಂಡು ನಡೆದರು. ಕುಂಡ ಒಳಗೆ ತರುವುದು, ಹೊರಗಿಡುವುದು ತಾನಾಗಿ ನಿಂತಿತು. ಕೈ ತೊಳೆಯುವುದೂ ನಿಂತಿತು. ಕೆಲವೇ ದಿನಗಳಲ್ಲಿ ಅವರು ಮೊದಲಿಗಿಂತಲೂ ದೂರ ಹೋಗಿಬಿಟ್ಟರು. ಗಡ್ಡೆಗಳನ್ನು ಮುಂದಿನ ವರ್ಷಕ್ಕೆ ಉಳಿಸಬಹುದೇ ಎಂದು ನಾನು ಅಂಕಲ್ ಮೂಲಕ ಇಂಜಿನಿಯರನ್ನು ಕೇಳಿಸಿದೆ. ತಮ್ಮ ದೇಶದಲ್ಲಾದರೆ ವರ್ಷ ವರ್ಷ ಬರುತ್ತದೆ, ಈ ಸೆಕೆಯಲ್ಲಿ ಒಮ್ಮೆ ಅರಳಿದರೆ ಅದರ ಶಕ್ತಿ ಮುಗಿಯಿತು ಎಂದರು. ಕುಂಡಗಳನ್ನು ಮಗುಚಿ ಮಣ್ಣನ್ನು ಮಲ್ಲಿಗೆಯ ಬುಡಕ್ಕೆ ಹಾಕಿದೆವು.

ಏಪ್ರಿಲಿನಲ್ಲಿ ಅವರು ಹೊರಟರು. ಏರ್‌ಪೋರ್ಟಿನಲ್ಲಿ ಆಂಟಿ ನನ್ನ ಕೈಯನ್ನು ಅಪರಿಚಿತರ ಕೈ ಕುಲುಕುವ ಹಾಗೆ ಕುಲುಕಿ, ಜರ್ಮನಿನಲ್ಲಿ ಏನೋ ಹೇಳಿದರು. ಅಂಕಲ್, "ಥ್ಯಾಂಕ್ಯೂ ಅಂತ ಹೇಳಿದ್ಳು ಮಗಾ. ಅಷ್ಟು ನಾನೂ ಕಲಿತಿದ್ದೇನೆ ಈಗ" ಎಂದರು.

ಅವರು ಶಿರ್ವದಲ್ಲಿ ಆಂಟಿಯ ತಂಗಿಯ ಮನೆಯ ಪಕ್ಕದಲ್ಲೇ ಸಣ್ಣ ಮನೆ ಮಾಡಿಕೊಂಡರು. ಆಂಟಿ ತೀರಿಕೊಂಡ ಸುದ್ದಿ ಕೆಲವು ವರ್ಷ ಕಳೆದು ಫೋನಿನಲ್ಲಿ ಬಂತು, ನಮಗೆ ಹೋಗಲಾಗಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಂಕಲ್ ಅವರನ್ನು ಕಾಣಲು ಹೋದೆ. ಇಳಿದುಹೋಗಿದ್ದರು, ಆದರೆ ಗಟ್ಟಿಯಾಗಿದ್ದರು. ಅಂಗಳದಲ್ಲಿ ಡೇಲಿಯಾ ಗಿಡಗಳಿಗೆ ಕೋಲು ಕಟ್ಟುತ್ತಿದ್ದವರು ಕೈ ತೊಳೆದು ಬಂದು, ತಾವೇ ಚಹಾ ಮಾಡಿ ತಂದುಕೊಟ್ಟರು.

ಕೇಳಬಾರದೆಂದುಕೊಂಡಿದ್ದರೂ ಕೇಳಿಬಿಟ್ಟೆ. "ಕೊನೆಗೆ ನಿಮ್ಮ ಗುರ್ತ ಸಿಕ್ಕಿತಾ ಅಂಕಲ್ ಅವರಿಗೆ?"

"ಇಲ್ಲ ಮಗಾ. ಗಂಡ ಅಂತ ಗುರ್ತ ಸಿಗ್ಲಿಲ್ಲ." ಲೋಟವನ್ನು ಕೆಳಗಿಟ್ಟರು. "ಕೊನೆಗೆ ಮಾತೂ ಇರ್ಲಿಲ್ಲ. ಗಂಜಿ ಮಾತ್ರ ನಾನೇ ಕೊಡ್ಬೇಕು. ತಂಗಿ ಕೊಟ್ರೆ ಬಾಯಿ ಬಿಡ್ತಿರ್ಲಿಲ್ಲ, ನಾನು ಸ್ಪೂನ್ ಹಿಡಿದ್ರೆ ಬಿಡ್ತಿದ್ಳು. ಒಂದು ಹೊತ್ತೂ ತಪ್ಪಿಸ್ಲಿಲ್ಲ ನಾನು."

ಒಳಗೆ ಕುಕ್ಕರ್ ಕೂಗಿತು. ಅವರು ಏಳಲು ಹೋಗಿ ಮತ್ತೆ ಕುಳಿತರು.

"ದೋಹಾದ ಡಾಕ್ಟರ್ ಬರೆದ ಮಾತ್ರೆ ಇವತ್ತಿಗೂ ತಕೊಳ್ತಾ ಇದ್ದೇನೆ ನೋಡು. ಅವಳಿಗಿಂತ ಮೊದ್ಲು ಹೋಗ್ಲಿಲ್ಲ. ಅಷ್ಟು ಸಾಕು ನನಗೆ."